ನಾಲ್ಕು ಕ್ಯಾಮೆರಾ, ಒಂದು ಕಪ್ಪು ಪಟ್ಟಿ

ಸಿಸಿಟಿವಿ ಹಾಕಿಸಿ ಒಂಬತ್ತು ತಿಂಗಳಾಯಿತು. ಹಾಕಿಸಿದ ವಾರವೇ ರಿವ್ಯೂ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಎರಡನೇ ತಿಂಗಳು ಬರೆದಿದ್ದರೆ ಒಂದು. ಈಗ ಹುರುಪೂ ಇಳಿದಿದೆ, ಸಿಟ್ಟೂ ಇಳಿದಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆ ಹೇಗಿದೆ ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಓಣಿ. ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್, ಮೇಲೆ ಮನೆ. ಹತ್ತು ಮಿಷನ್, ಹನ್ನೊಂದು ಜನ. ಬೇರೆಯವರು ಕಟಿಂಗ್ ಮಾಡಿ ಕೊಟ್ಟ ಬಟ್ಟೆ ತಂದು ಹೊಲಿದು ಕೊಡುವ ಜಾಬ್ ವರ್ಕ್ ನನ್ನದು. ಓಣಿ ಅಗಲ ಎಷ್ಟೆಂದರೆ, ಒಂದು ಗೂಡ್ಸ್ ಆಟೋ ನಿಂತರೆ ಪಕ್ಕದಲ್ಲಿ ಸ್ಕೂಟಿಯವರು ಹೊಟ್ಟೆ ಒಳಗೆ ಎಳೆದುಕೊಂಡು ಹೋಗಬೇಕು. ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಒಬ್ಬರೇ. ಅವರ ಬಾಗಿಲಿಗೂ ನನ್ನ ಬಾಗಿಲಿಗೂ ಹನ್ನೆರಡು ಅಡಿ.

ಹೋದ ದಸರಾ ಮುಗಿದ ಮೇಲೆ ಯೂನಿಟ್‌ನಲ್ಲಿ ಎರಡು ಬಂಡಲ್ ಕಾಣಲಿಲ್ಲ. ನೂರು ಪ್ಯಾಂಟ್. ಬಟ್ಟೆ ಕೊಟ್ಟ ಸೇಠ್‌ಗೆ ಏನಂತ ಉತ್ತರ ಹೇಳುವುದು? ರಾತ್ರಿ ಶಟರ್ ಎತ್ತಿ ಯಾರೋ ಒಯ್ದಿದ್ದಾರೆ ಅಂದುಕೊಂಡೆ. ಒಳಗಿನವರ ಮೇಲೂ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಮರುದಿನವೇ ಕ್ಯಾಮೆರಾ ಅಂಗಡಿಗೆ ಹೋದೆ. (ಆ ಎರಡು ಬಂಡಲ್ ವಾಷಿಂಗ್ ಯೂನಿಟ್‌ನಲ್ಲಿ ಬೇರೆಯವರ ಲಾಟ್‌ಗೆ ಸೇರಿಕೊಂಡಿದ್ದವು. ಎರಡು ತಿಂಗಳ ಮೇಲೆ ಸಿಕ್ಕವು. ಅಷ್ಟರಲ್ಲಿ ಗೋಡೆಗೆಲ್ಲ ಡ್ರಿಲ್ ಹೊಡೆದು ಆಗಿತ್ತು.)

ತಗೊಂಡ ಸೆಟ್ ಹೀಗಿದೆ. ನಾಲ್ಕು ಚಾನೆಲ್‌ನ ಡಿವಿಆರ್ (ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ), ಎರಡು ಡೋಮ್ (ಗುಮ್ಮಟದ ಹಾಗಿರುವ ಕ್ಯಾಮೆರಾ), ಎರಡು ಬುಲೆಟ್ (ಉದ್ದ ಕೊಳವೆಯ ಹಾಗಿರುವುದು), ಕ್ಯಾಮೆರಾ ಎಲ್ಲವೂ ಎರಡು ಮೆಗಾಪಿಕ್ಸೆಲ್. ಒಂದು ಟಿಬಿ ಹಾರ್ಡ್ ಡಿಸ್ಕ್, ತೊಂಬತ್ತು ಮೀಟರ್ ಕೇಬಲ್ ಬಂಡಲ್. ಎಲ್ಲ ಸೇರಿ ₹13,800, ಫಿಟ್ಟಿಂಗ್ ಬೇರೆ ₹2,000. "ಬಿಲ್ ಬೇಕಾ ಅಣ್ಣಾ? ಬಿಲ್ ಅಂದ್ರೆ ಸ್ವಲ್ಪ ಜಾಸ್ತಿ ಆಗ್ತೈತಿ" ಅಂದರು. ಬಿಲ್ ಬೇಕು ಅಂದೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಮೊದಲಿನಿಂದ ಜಾಣ. ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಬರೆಯುವುದಿಲ್ಲ. ನನಗಾದ ತೊಂದರೆಗೆ ಪೆಟ್ಟಿಗೆ ಮೇಲಿನ ಹೆಸರು ಕಾರಣ ಅಲ್ಲ. ಯಾವ ಕಂಪನಿಯದು ತಗೊಂಡರೂ ಇಷ್ಟೇ ಆಗುತ್ತಿತ್ತು.

ಚಿತ್ರ ಹಗಲಲ್ಲಿ ಚೆನ್ನಾಗಿದೆ. ಪ್ಯಾಂಟಿನ ಮೇಲಿನ ಹೊಲಿಗೆಯ ದಾರದ ಬಣ್ಣ ಕೂಡ ಗೊತ್ತಾಗುತ್ತದೆ. ರಾತ್ರಿ ಕಪ್ಪು ಬಿಳುಪು, ಮುಖ ಕಾಣುತ್ತದೆ, ಬೈಕ್ ನಂಬರ್ ಕಾಣುವುದಿಲ್ಲ. ಹೆಡ್‌ಲೈಟ್ ಬಿದ್ದರೆ ನಂಬರ್ ಪ್ಲೇಟ್ ಬರೀ ಬಿಳಿ ಕಾಗದ. ಎರಡು ಮೆಗಾಪಿಕ್ಸೆಲ್‌ನಲ್ಲಿ ನಂಬರ್ ಓದಬಹುದು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಇನ್ನೊಂದು ಕಾಟ ಜೇಡರ ಹುಳ. ರಾತ್ರಿ ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕಾಗಿ ಜೇಡ ಬರುತ್ತದೆ, ಲೆನ್ಸ್ ಎದುರಿಗೇ ಬಲೆ ಕಟ್ಟುತ್ತದೆ. ನಮ್ಮ ಊರಿನ ಧೂಳು ಆ ಬಲೆಗೆ ಹಿಡಿದರೆ ಮುಗಿಯಿತು, ಓಣಿಯಲ್ಲಿ ಮಂಜು ಬಿದ್ದ ಹಾಗೆ ಕಾಣುತ್ತದೆ. ಬಳ್ಳಾರಿಯಲ್ಲಿ ಮಂಜು! ಹದಿನೈದು ದಿನಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸುತ್ತೇನೆ. ಬೇಸಿಗೆಯಲ್ಲಿ ಡಿವಿಆರ್ ಎಷ್ಟು ಕಾಯುತ್ತದೆ ಅಂದರೆ ಅದರ ಮೇಲೆ ಕೈ ಇಡಲು ಆಗಲ್ಲ. ಬೀರುವಿನ ಒಳಗೆ ಇಟ್ಟಿದ್ದೆ, ಏಪ್ರಿಲ್‌ನಲ್ಲಿ ಎರಡು ಸಲ ತಾನೇ ಬಂದ್ ಆಯಿತು. ಹೊರಗೆ ತಂದಿಟ್ಟ ಮೇಲೆ ಸರಿ ಹೋಯಿತು. ನಾಲ್ಕೂ ಕ್ಯಾಮೆರಾ ಹಗಲು ರಾತ್ರಿ ಓಡಿದರೆ ಒಂದು ಟಿಬಿಯಲ್ಲಿ ನನಗೆ ಹದಿನೇಳು ದಿನದ ವಿಡಿಯೋ ನಿಲ್ಲುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಕೂರುತ್ತದೆ.

ಮಿಷನ್ ಮಾತು ಸಾಕು. ಜಗಳದ ಮಾತಿಗೆ ಬರುತ್ತೇನೆ.

ಫಿಟ್ಟಿಂಗ್ ಹುಡುಗ ಮೊದಲ ಬುಲೆಟ್ ಕ್ಯಾಮೆರಾವನ್ನು ನನ್ನ ಬಾಗಿಲ ಮೇಲೆ, ಓಣಿ ಕಡೆ ಮುಖ ಮಾಡಿ ಹಾಕಿದ. "2.8 ಲೆನ್ಸ್ ಅಣ್ಣಾ, ಪೂರಾ ಕವರ್ ಆಗ್ತೈತಿ" ಅಂದ. ಖುಷಿಯಾಯಿತು. ಪೂರಾ ಅಂದರೆ ಏನು ಅಂತ ಟಿವಿಯಲ್ಲಿ ನೋಡಿದಾಗ ಗೊತ್ತಾಯಿತು. 2.8 ಮಿಲಿಮೀಟರ್ ಲೆನ್ಸ್ ನೂರು ಡಿಗ್ರಿ ಹತ್ತಿರ ಅಗಲ ನೋಡುತ್ತದೆ. ಹೊಲಕ್ಕೆ, ಗೋದಾಮಿಗೆ, ದೊಡ್ಡ ಅಂಗಳಕ್ಕೆ ಅದು ಸರಿ. ಹನ್ನೆರಡು ಅಡಿ ಓಣಿಯಲ್ಲಿ ಅದು ನನ್ನ ಹೊಸ್ತಿಲು ಎರಡು ಇಂಚು ತೋರಿಸಿ, ಎದುರು ಮನೆ ಅಜ್ಜಿಯ ಕಟ್ಟೆ, ಬಾಗಿಲು, ಬಾಗಿಲು ತೆಗೆದಿದ್ದರೆ ಒಳಗಿನ ಮಂಚದ ಕಾಲು, ಎಲ್ಲ ತೋರಿಸುತ್ತಿತ್ತು. ದುಡ್ಡು ನನ್ನದು, ಕರೆಂಟು ನನ್ನದು, ಸಿನಿಮಾ ಮಾತ್ರ ಅಜ್ಜಿ ಮನೆಯದು.

ಹತ್ತು ದಿನ ಯಾರೂ ಏನೂ ಅನ್ನಲಿಲ್ಲ. ನಲ್ಲಿ ನೀರು ಬಂದ ದಿನ ಶುರುವಾಯಿತು. ನೀರು ಬಂತೆಂದರೆ ನಮ್ಮ ಓಣಿಯ ಹೆಂಗಸರೆಲ್ಲ ಹೊರಗೆ. ಬೆಳಿಗ್ಗೆ ಐದೂವರೆ, ನೈಟಿ ಮೇಲೊಂದು ಟವಲ್, ಕೊಡ, ಪೈಪು, ಮಾತು. ಅವತ್ತು ಯಾರೋ ತಲೆ ಎತ್ತಿ ಕೆಂಪು ದೀಪ ನೋಡಿದರು. ಒಬ್ಬೊಬ್ಬರಾಗಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಜ್ಜಿ ನಮ್ಮ ಬಾಗಿಲಿಗೆ ಬಂದರು.

"ಏನಪ್ಪಾ, ನಿನ್ನ ಕ್ಯಾಮೆರಾ ನಮ್ಮ ಮನಿ ಒಳಗ ನೋಡ್ತೈತಂತಲ್ಲ?"

"ಇಲ್ಲಮ್ಮಾ, ಅದು ಓಣಿ ನೋಡೋಕೆ. ನಿಮಗೂ ಒಳ್ಳೇದಲ್ವಾ, ಕಳ್ಳರು ಬಂದ್ರೆ ಗೊತ್ತಾಗುತ್ತೆ."

"ನನ್ನ ಮನ್ಯಾಗ ಕಳ್ಳ ಒಯ್ಯೋದೇನೈತಿ? ನಾ ಕಟ್ಟಿ ಮ್ಯಾಲ ಕುಂತು ತಲಿ ಬಾಚ್ಕೊಳ್ಳೋದು ಬ್ಯಾಡೇನು?"

ಅಜ್ಜಿಗೆ ಜವಾಬು ಹೇಳಲು ಆಗಲಿಲ್ಲ. ಹೇಳಲು ಆಗದಿದ್ದಾಗ ಗಂಡಸರು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. ನನ್ನ ಗೋಡೆ, ನನ್ನ ಕ್ಯಾಮೆರಾ ಅಂದೆ. ಅಜ್ಜಿ ಏನೂ ಅನ್ನದೆ ಹೋದರು. ಆ ಸಂಜೆ ಬೆಂಗಳೂರಿನಿಂದ ಅವರ ಮಗನ ಫೋನ್. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. "ಅಂಕಲ್, ಪ್ರೈವೆಸಿ ಫಂಡಮೆಂಟಲ್ ರೈಟ್, ಗೊತ್ತಿದೆಯಾ ನಿಮಗೆ? ಪುಟ್ಟಸ್ವಾಮಿ ಜಡ್ಜ್‌ಮೆಂಟ್ ಓದಿ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅಂದ. ನಾನು ಎತ್ತಿ ಆಡಿಸಿದ ಹುಡುಗ ಅವನು. ಆ ಅಂಕಲ್ ಅನ್ನುವುದು ಕೂಡ ಬೆಂಗಳೂರಿಗೆ ಹೋದ ಮೇಲೆ ಬಂದದ್ದು. ಮೊದಲು ಮಾಮಾ ಅನ್ನುತ್ತಿದ್ದ.

ಕೋರ್ಟಿನ ಹತ್ತಿರ ನನ್ನ ಗೆಳೆಯ ವಕೀಲನಿದ್ದಾನೆ. ವಗ್ಗಾಣಿ, ಮಿರ್ಚಿ ಕಟ್ಟಿಸಿಕೊಂಡು ಹೋದೆ. ಅವನ ಫೀಸು ಅಷ್ಟೇ. ಪುಟ್ಟಸ್ವಾಮಿ ಯಾರು ಅಂತ ಅವನೇ ಹೇಳಿದ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಜಡ್ಜ್ ಆಗಿ ರಿಟೈರ್ ಆದವರು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ಜನ ಜಡ್ಜ್‌ಗಳು ಒಂದೇ ಮಾತು ಹೇಳಿದರು, ಖಾಸಗಿತನ ಮೂಲಭೂತ ಹಕ್ಕು ಅಂತ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ರಿಟೈರ್ ಆಗಿ ಮನೆಯಲ್ಲಿ ಕೂರುವ ವಯಸ್ಸಿನಲ್ಲಿ ಇಡೀ ದೇಶಕ್ಕೆ ಬೇಕಾದ ಕೇಸು ಹಾಕಿದವರು. ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ನಾಚಿಕೆ ಆಯಿತು.

"ಹಾಗಾದ್ರೆ ನಾನು ಕ್ಯಾಮೆರಾ ಹಾಕಬಾರದಾ?" ಅಂದೆ.

"ಹಾಕು. ನಿನ್ನ ಮನೆ ಮುಂದಿನ ರಸ್ತೆ ಕಂಡರೆ ಯಾರೂ ಏನೂ ಅನ್ನಲ್ಲ. ಅವರ ಮನೆ ಒಳಗೆ ಕಂಡರೆ ಆ ಮಾತೇ ಬೇರೆ. ಅವರು ಸಿವಿಲ್ ಕೋರ್ಟಿಗೆ ಹೋಗಿ ತೆಗೆಸಿ ಅಂತ ಕೇಳಬಹುದು. ಇನ್ನು ಬಟ್ಟೆ ಬದಲಿಸೋದು, ಸ್ನಾನ ಮಾಡೋದು ಅಂಥದ್ದು ಏನಾದ್ರೂ ರೆಕಾರ್ಡ್ ಆದ್ರೆ ಕ್ರಿಮಿನಲ್. ಐಟಿ ಕಾಯ್ದೆ 66ಇ ಇದೆ, ಮೂರು ವರ್ಷದವರೆಗೆ ಜೈಲು, ಇಲ್ಲ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹೆಂಗಸರನ್ನು ಕದ್ದು ನೋಡೋದಕ್ಕೆ ಭಾರತೀಯ ನ್ಯಾಯ ಸಂಹಿತೆ 77ನೇ ಕಲಂ ಬೇರೆ."

"ನಾನು ಬೇಕಂತ ನೋಡಿಲ್ಲ ಮಾರಾಯಾ."

"ಬೇಕಂತ ನೋಡಿಲ್ಲ ಅಂದ್ರೆ ಆ ಕಡೆ ತಿರುಗಿಸಿ ಯಾಕೆ ಇಟ್ಟಿದ್ದೀಯಾ ಅಂತ ಕೇಳ್ತಾರೆ."

ಜನರ ವೈಯಕ್ತಿಕ ಮಾಹಿತಿ ಕಾಯುವ ಹೊಸ ಡೇಟಾ ಕಾನೂನಿನ ಬಗ್ಗೆಯೂ ಕೇಳಿದೆ. ಅದು 2023ರಲ್ಲಿ ಪಾಸಾಗಿದೆ, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗ ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳು ಟೈಮ್ ಕೊಟ್ಟಿದ್ದಾರೆ. ಅದರಲ್ಲಿ ಒಂದು ವಿಚಿತ್ರ ಇದೆ. ಯಾರಾದರೂ ತನ್ನ ಸ್ವಂತಕ್ಕೆ, ಮನೆ ಮಟ್ಟಿಗೆ ಮಾಡಿಕೊಂಡದ್ದಕ್ಕೆ ಆ ಕಾನೂನು ತಗಲುವುದಿಲ್ಲ. ಆದರೆ ಕೆಳಗಿನ ಯೂನಿಟ್ ವ್ಯಾಪಾರ, ಅದಕ್ಕೆ ತಗಲುತ್ತದೆ. ಅಂದರೆ ಒಂದೇ ಡಿವಿಆರ್, ಒಂದೇ ಹಾರ್ಡ್ ಡಿಸ್ಕ್. ಮಹಡಿ ಮೇಲಿನ ಕ್ಯಾಮೆರಾಕ್ಕೆ ಒಂದು ಲೆಕ್ಕ, ಮಹಡಿ ಕೆಳಗಿನದಕ್ಕೆ ಇನ್ನೊಂದು. ಮೆಟ್ಟಿಲಿನ ಕ್ಯಾಮೆರಾ ಯಾವ ಲೆಕ್ಕಕ್ಕೆ ಅಂತ ಕೇಳಿದೆ. ಗೆಳೆಯ ಮಿರ್ಚಿ ತಿನ್ನುತ್ತಾ ಸುಮ್ಮನಾದ.

ಆ ಕೆಳಗಿನ ಕ್ಯಾಮೆರಾದ ಕಥೆ ಇನ್ನೂ ನಾಚಿಕೆಯದು.

ಯೂನಿಟ್‌ನಲ್ಲಿ ಕ್ಯಾಮೆರಾ ಹಾಕಿದ ದಿನ ಹಿರಿಯ ಮಾಸ್ಟರ್ ಕೇಳಿದರು. ಇಪ್ಪತ್ತು ವರ್ಷದಿಂದ ಜೀನ್ಸ್ ಹೊಲಿಯುವವರು. "ಭಾಯ್, ಇದರಲ್ಲಿ ಮಾತೂ ಕೇಳಿಸ್ತದಾ?" ಇಲ್ಲ ಭಾಯ್, ಬರೀ ಚಿತ್ರ ಅಂದೆ. ನನಗೆ ಗೊತ್ತಿದ್ದದ್ದೇ ಅಷ್ಟು. ಮೊದಲ ವಾರ ಯೂನಿಟ್ ಆಸ್ಪತ್ರೆ ಥರ ಇತ್ತು. ಹಾಡಿಲ್ಲ, ನಗು ಇಲ್ಲ, ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಹೊಲಿಯುತ್ತಿದ್ದರು. ಎರಡನೇ ವಾರ ಮರೆತರು. ಮೊದಲಿನ ಹಾಗಾಯಿತು.

ಒಂದು ದಿನ ಫೋನಿನಲ್ಲಿ ಆ್ಯಪ್ ನೋಡುತ್ತಿದ್ದೆ. ಮೂಲೆಯಲ್ಲಿ ಸ್ಪೀಕರ್ ಚಿತ್ರ ಇತ್ತು, ಸುಮ್ನೆ ಒತ್ತಿದೆ. ಮಿಷನ್ ಸದ್ದು ಕೇಳಿತು. ಅದರ ನಡುವೆ ಓವರ್‌ಲಾಕ್ ಮಿಷನ್ನಿನ ಹೆಣ್ಣುಮಗಳ ದನಿ. ಪೀಸಿಗೆ ಒಂದು ರೂಪಾಯಿ ಜಾಸ್ತಿ ಕೇಳೋಣ, ಎಲ್ಲರೂ ಸೇರಿ ಕೇಳಿದರೆ ಕೊಡ್ತಾರೆ ಅಂತ ಮಾತು ನಡೆದಿತ್ತು. ಯಾರು ಮೊದಲು ಕೇಳಬೇಕು, ಯಾವ ದಿನ ಕೇಳಬೇಕು ಅಂತ ಕೂಡ. ನನ್ನನ್ನು ಏನಂದರು ಅಂತಲೂ ಕೇಳಿಸಿತು. ಇಲ್ಲಿ ಬರೆಯುವುದಿಲ್ಲ.

ಈಗ ನಾನೇನು ಮಾಡಬೇಕು? ಕೇಳಿಸಿಕೊಂಡದ್ದು ಕೇಳಿಸಿಕೊಂಡಾಯಿತು. ಅವರು ಬಂದು ಕೇಳುವ ಮೊದಲೇ ನನ್ನ ಉತ್ತರ ತಯಾರಿತ್ತು. ಇಸ್ಪೀಟ್ ಆಟದಲ್ಲಿ ಎದುರಿನವನ ಎಲೆ ಕಂಡ ಹಾಗೆ. ಎರಡು ದಿನ ಮಾಸ್ಟರ್ ಮುಖ ನೋಡಲು ಆಗಲಿಲ್ಲ. ಮೂರನೇ ದಿನ ಎಲ್ಲರನ್ನೂ ಕೂರಿಸಿ ಹೇಳಿದೆ, ಇದರಲ್ಲಿ ಮೈಕ್ ಇದೆ, ನನಗೆ ಗೊತ್ತಿರಲಿಲ್ಲ, ಇವತ್ತು ಬಂದ್ ಮಾಡುತ್ತಿದ್ದೇನೆ. ಅವರೆದುರಿಗೇ ಮೆನುವಿನಲ್ಲಿ ಆಡಿಯೋ ತೆಗೆದೆ. ಯಾರೂ ಮಾತಾಡಲಿಲ್ಲ. ಮಾಸ್ಟರ್ ಮಾತ್ರ, "ಎಷ್ಟು ದಿನ ಕೇಳಿದ್ರಿ ಭಾಯ್?" ಅಂದರು. ಒಂದು ದಿನ ಅಂದೆ. ನಂಬಿದರೋ ಇಲ್ಲವೋ. (ಪೀಸಿಗೆ ಐವತ್ತು ಪೈಸೆ ಏರಿಸಿದೆ. ಕೇಳಿಸಿಕೊಂಡದ್ದಕ್ಕೆ ದಂಡ ಅಂತ ಹೆಂಡತಿ ಈಗಲೂ ಹಂಗಿಸುತ್ತಾಳೆ.)

ಅವತ್ತೇ ಓವರ್‌ಲಾಕ್ ಹೆಣ್ಣುಮಗಳು ಧೈರ್ಯ ಮಾಡಿ ಇನ್ನೊಂದು ವಿಷಯ ಹೇಳಿದಳು. "ಅಣ್ಣಾ, ಆ ಮೂಲ್ಯಾಗ ಕ್ಯಾಮೆರಾ ಬ್ಯಾಡ್ರಿ. ನಾ ಅಲ್ಲೇ ಕೂಸಿಗೆ ಹಾಲು ಕೊಡ್ತೀನಿ." ಬಂಡಲ್ ರಾಶಿಯ ಹಿಂದಿನ ಮೂಲೆ. ಕ್ಯಾಮೆರಾ ಬಂದ ಮೇಲೆ ಆಕೆ ಕೂಸನ್ನು ಎತ್ತಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಹೋಗಿ ಬರುತ್ತಿದ್ದಳಂತೆ. ನಾನು ಅದನ್ನು ಲೇಟಾಗಿ ಬರ್ತಾಳೆ ಅಂತ ಬರೆದಿಟ್ಟುಕೊಂಡಿದ್ದೆ. ಕೆಲಸದ ಜಾಗದಲ್ಲಿ ಕಳವು, ನಷ್ಟ ತಪ್ಪಿಸಿಕೊಳ್ಳಲು ಮಾಲೀಕನಿಗೆ ಆ ಹೊಸ ಕಾನೂನಿನಲ್ಲೇ ಅವಕಾಶ ಇದೆ ಅಂತ ಗೆಳೆಯ ಹೇಳಿದ್ದ. ಇರಬಹುದು. ಆ ಮೂಲೆಯಲ್ಲಿ ಕಳವಾಗುವುದು ಏನೂ ಇರಲಿಲ್ಲ. ಕ್ಯಾಮೆರಾ ತೆಗೆದು ಶಟರ್ ಮತ್ತು ಬಂಡಲ್ ಎಣಿಸುವ ಟೇಬಲ್ ಕಡೆ ತಿರುಗಿಸಿದೆ. ನಿಜವಾಗಿ ಕೆಲಸಕ್ಕೆ ಬಂದಿರುವ ಕ್ಯಾಮೆರಾ ಅದೊಂದೇ. ಸೇಠ್ ಕಡೆಯವರು ಎಣಿಕೆ ತಪ್ಪು ಅಂದಾಗ ಎರಡು ಸಲ ತೋರಿಸಿದ್ದೇನೆ. ಬಾಗಿಲಲ್ಲಿ ಕ್ಯಾಮೆರಾ ಇದೆ, ಆಡಿಯೋ ಇಲ್ಲ ಅಂತ ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಒಂದು ಬೋರ್ಡು ಬರೆಸಿ ಹಾಕಿದ್ದೇನೆ. ನೂರೈವತ್ತು ರೂಪಾಯಿ.

ಮನೆಯೊಳಗಿನ ಕ್ಯಾಮೆರಾದ ಆಯುಷ್ಯ ಕಡಿಮೆ. ಹಾಲ್‌ನಲ್ಲಿ ಒಂದು ಡೋಮ್ ಹಾಕಿಸಿದ್ದೆ, ಸೆಟ್‌ನಲ್ಲಿ ನಾಲ್ಕು ಬಂದಿವೆ, ಒಂದು ಉಳಿಯಿತಲ್ಲ ಅಂತ. ಅದೇ ತಪ್ಪು. ಉಳಿದದ್ದನ್ನು ಎಲ್ಲಾದರೂ ಹಾಕಲೇಬೇಕು ಅಂತ ಯಾರು ಹೇಳಿದ್ದಾರೆ? ವಾಷಿಂಗ್ ಯೂನಿಟ್‌ನಲ್ಲಿ ಕಾಯುತ್ತಾ ಕೂತಾಗ ಫೋನ್ ತೆಗೆಯುವುದು, ಹಾಲ್ ನೋಡುವುದು, ಹೆಂಡತಿಗೆ ಫೋನ್ ಮಾಡುವುದು. ಯಾರು ಬಂದಿದ್ದರು? ಟಿವಿ ಯಾಕೆ ಹಚ್ಚಿದೆ, ಮಕ್ಕಳಿಗೆ ಪರೀಕ್ಷೆ ಅಲ್ವಾ? ನಾಲ್ಕು ದಿನ ಸಹಿಸಿದಳು. ಐದನೇ ದಿನ ಆ್ಯಪ್ ತೆಗೆದರೆ ಹಾಲ್ ಇಲ್ಲ. ನೀಲಿ ಹೂ, ಹಸಿರು ಎಲೆ. ಕ್ಯಾಮೆರಾ ಕೆಟ್ಟಿತು ಅಂತ ಫಿಟ್ಟಿಂಗ್ ಹುಡುಗನಿಗೆ ಫೋನ್ ಮಾಡಿದೆ. ಮನೆಗೆ ಬಂದು ನೋಡಿದರೆ ಡೋಮ್ ಮೇಲೆ ಅವಳ ಹಳೇ ನೈಟಿ ಕಟ್ಟಿದೆ.

"ನೀವು ಹೊರಗಿನ ಕಳ್ಳನಿಗೆ ಹಾಕಿಸಿದ್ದೋ, ನನಗೋ?" ಅಂದಳು.

ಗೆಳೆಯ ಇದಕ್ಕೂ ಒಂದು ಕೇಸು ಹೇಳಿದ. ಕೋಲ್ಕತ್ತದಲ್ಲಿ ಒಂದೇ ಮನೆಯಲ್ಲಿದ್ದ ಅಣ್ಣ ತಮ್ಮಂದಿರ ಜಗಳ. ಒಬ್ಬ ವಾಸದ ಜಾಗದೊಳಗೆ ಕ್ಯಾಮೆರಾ ಹಾಕಿಸಿದ. ಜೊತೆಗಿರುವವರ ಒಪ್ಪಿಗೆ ಇಲ್ಲದೆ ಹಾಗೆ ಹಾಕುವುದು ಅವರ ಖಾಸಗಿತನಕ್ಕೆ ಧಕ್ಕೆ ಅಂತ ಅಲ್ಲಿನ ಹೈಕೋರ್ಟ್ ಹೇಳಿತು, 2025ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಈ ಕೇಸನ್ನು ನಾನು ಮನೆಯಲ್ಲಿ ಹೇಳಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಆ ಡೋಮ್ ಈಗ ಮೆಟ್ಟಿಲ ಹತ್ತಿರ ಇದೆ.

ನೈಟಿ ಪ್ರಸಂಗದಿಂದ ಒಂದು ಒಳ್ಳೆಯದಾಯಿತು. ನಾನು ಫೋನ್ ಮಾಡಿದಾಗ ಫಿಟ್ಟಿಂಗ್ ಹುಡುಗ ಒಂದು ನಿಮಿಷ ಇರಿ ಅಣ್ಣಾ ಅಂದ. ಆಮೇಲೆ, "ಕ್ಯಾಮೆರಾ ಕೆಟ್ಟಿಲ್ಲ ಅಣ್ಣಾ, ಬಟ್ಟಿ ಹಾಕ್ಯಾರ ನೋಡ್ರಿ" ಅಂದ. ಅವತ್ತು ಗಡಿಬಿಡಿಯಲ್ಲಿ ಹೂಂ ಅಂದು ಇಟ್ಟೆ. ರಾತ್ರಿ ಮಲಗಿದಾಗ ಹೊಳೆಯಿತು. ಅವನಿಗೆ ಹೇಗೆ ಗೊತ್ತಾಯಿತು? ಅವನು ಇದ್ದದ್ದು ಸಿರುಗುಪ್ಪದಲ್ಲಿ.

ಬೆಳಿಗ್ಗೆ ಕರೆಸಿದೆ. ಹುಡುಗ ಕೆಟ್ಟವನಲ್ಲ. ಅಡಗಿಸಲೂ ಇಲ್ಲ. ಡಿವಿಆರ್ ಕ್ಯೂಆರ್ ಕೋಡನ್ನು ಮೊದಲು ತನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿ, ತನ್ನ ಅಕೌಂಟಿಗೆ ಹಾಕಿಕೊಂಡು, ಅಲ್ಲಿಂದ ನನಗೆ ಶೇರ್ ಮಾಡಿದ್ದ. "ಎಲ್ಲಾ ಕಸ್ಟಮರ್‌ದೂ ಹಂಗೇ ಮಾಡ್ತೀವಣ್ಣಾ. ಏನಾರ ಕೆಟ್ಟರೆ ಇಲ್ಲಿಂದ್ಲೇ ನೋಡಬೌದಲ್ರಿ." ಫೋನ್ ತೋರಿಸಿದ. ಉದ್ದ ಪಟ್ಟಿ. ಅಂಗಡಿ, ಮನೆ, ಒಂದು ಕ್ಲಿನಿಕ್, ಒಂದು ಪಿಜಿ. ಪಾಸ್‌ವರ್ಡ್ ಏನು ಅಂದೆ. ಎಲ್ಲದಕ್ಕೂ ಒಂದೇ, ಅಡ್ಮಿನ್, ಮುಂದೆ ಮೂರು ಅಂಕಿ. ಆ ಅಂಕಿಗಳನ್ನು ನೀವೇ ಊಹಿಸಬಹುದು. ಊಹಿಸಿದಿರಾ? ಅದೇ.

ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾದ ಚಿತ್ರಗಳು ಹೊರಗೆ ಬಂದು, ಹೆಂಗಸರನ್ನು ಪರೀಕ್ಷೆ ಮಾಡುವ ಕೋಣೆಯ ವಿಡಿಯೋಗಳನ್ನು ಮಾರುತ್ತಿದ್ದದ್ದು 2025ರ ಫೆಬ್ರವರಿಯಲ್ಲಿ ಪೇಪರಿನಲ್ಲಿ ಬಂದಿತ್ತು. ಅಲ್ಲೂ ಇಂಥದ್ದೇ ಸುಲಭದ ಪಾಸ್‌ವರ್ಡ್. ಅದೇ ವರ್ಷ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಅಂತ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂತು. ಬರಲಿ, ಒಳ್ಳೆಯದೇ. ಆದರೆ ಲ್ಯಾಬಿನಲ್ಲಿ ಪಾಸಾದ ಪೆಟ್ಟಿಗೆಯನ್ನು ತಂದು ಅದಕ್ಕೆ ಇಡೀ ಊರಿಗೆಲ್ಲ ಒಂದೇ ಪಾಸ್‌ವರ್ಡ್ ಹಾಕಿದರೆ ಯಾವ ಲ್ಯಾಬ್ ಏನು ಮಾಡುತ್ತದೆ? ಬಾಗಿಲಿಗೆ ಒಳ್ಳೇ ಬೀಗ ಹಾಕಿಸಿ ಬೀಗದವನ ಹತ್ತಿರವೇ ಒಂದು ಕೀ ಬಿಟ್ಟು ಬಂದಿದ್ದೆ ನಾನು.

ನೀವು ಕ್ಯಾಮೆರಾ ಹಾಕಿಸುವುದಾದರೆ ಇಷ್ಟು ಮಾಡಿ. ಕ್ಯೂಆರ್ ಮೊದಲು ನಿಮ್ಮ ಫೋನಿನಲ್ಲಿ ಸ್ಕ್ಯಾನ್ ಆಗಬೇಕು. ಫಿಟ್ಟಿಂಗಿನವರು ಹೋದ ಮೇಲೆ ಪಾಸ್‌ವರ್ಡ್ ಬದಲಿಸಿ. ಈಗಾಗಲೇ ಹಾಕಿಸಿದ್ದರೆ ಆ್ಯಪ್‌ನಲ್ಲಿ ನಿಮ್ಮ ಡಿವಿಆರ್ ಹೆಸರಿನ ಪಕ್ಕ ಶೇರ್ ಆದದ್ದು ಅಂತ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಅದರ ಯಜಮಾನ ನೀವಲ್ಲ, ಇನ್ಯಾರೋ. ನನ್ನದನ್ನು ಅವನ ಅಕೌಂಟಿನಿಂದ ತೆಗೆಸಲು ಅರ್ಧ ಗಂಟೆ ಹಿಡಿಯಿತು. ಪಾಪ, ಅವನೇ ಕೂತು ಮಾಡಿಕೊಟ್ಟ, ಚಹಾ ಕುಡಿದು ಹೋದ. ದುಡ್ಡು ತಗೊಳ್ಳಲಿಲ್ಲ.

ಹೋಗುವ ಮೊದಲು ಅವನೇ ಅಜ್ಜಿಯ ಜಗಳಕ್ಕೂ ಮದ್ದು ಕೊಟ್ಟ. ಮೆನುವಿನ ಒಳಗೆ, ಯಾರೂ ಹೋಗದ ಜಾಗದಲ್ಲಿ, ಪ್ರೈವೆಸಿ ಮಾಸ್ಕ್ ಅಂತ ಒಂದಿದೆ. ಚಿತ್ರದ ಮೇಲೆ ಮೌಸ್ ಎಳೆದು ಒಂದು ಪಟ್ಟಿ ಬರೆದರೆ ಅಷ್ಟು ಜಾಗ ಕಪ್ಪಾಗುತ್ತದೆ. ನೋಡುವಾಗಲೂ ಕಪ್ಪು, ರೆಕಾರ್ಡ್ ಆಗುವುದೂ ಕಪ್ಪೇ. ಆಮೇಲೆ ಯಾರು ಬಂದು ಏನು ಮಾಡಿದರೂ ಅಡಿಯಲ್ಲಿದ್ದದ್ದು ಸಿಗುವುದಿಲ್ಲ. ಈ ಪೆಟ್ಟಿಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಇದೇ. ಪೆಟ್ಟಿಗೆ ಮೇಲೆ ಬರೆದಿಲ್ಲ, ಅಂಗಡಿಯಲ್ಲಿ ಹೇಳಲಿಲ್ಲ. ನೋಡಲಿ ಅಂತ ತಂದ ಕ್ಯಾಮೆರಾದಲ್ಲಿ ನೋಡಬಾರದ್ದನ್ನು ಮುಚ್ಚುವ ಪರದೆಯನ್ನೂ ಇಟ್ಟಿದ್ದಾರೆ. ಅದನ್ನು ಯಾರಿಗೂ ಹೇಳುವುದಿಲ್ಲ, ಅಷ್ಟೇ.

ಅಜ್ಜಿಯನ್ನು ಕರೆದು ಟಿವಿ ಮುಂದೆ ಕೂರಿಸಿದೆ. ಅವರ ಕಟ್ಟೆ, ಬಾಗಿಲು, ಕಿಟಕಿ ಮೇಲೆ ಅವರೆದುರಿಗೇ ಪಟ್ಟಿ ಎಳೆದೆ. "ಇನ್ನಾ ಸ್ವಲ್ಪ ಎಳಿ. ಹಾಂ, ತುಳಸಿ ತನ" ಅಂದರು. ಸೊಸೆಗೆ ಸೀರೆ ಆರಿಸುವವರ ಹಾಗೆ ಕೂತು ಮೂರು ಸಲ ಹೆಚ್ಚು ಕಡಿಮೆ ಮಾಡಿಸಿದರು. ಲೆನ್ಸೂ ಬದಲಿಸಬೇಕಿತ್ತು, 3.6 ಅಥವಾ 6 ಮಿಲಿಮೀಟರ್‌ದು ಹಾಕಿದ್ದರೆ ಅಗಲ ಕಡಿಮೆ ಆಗುತ್ತಿತ್ತು. ಆ ಕ್ಯಾಮೆರಾಕ್ಕೆ ಇನ್ನೂ ₹1,600 ಅಂದರು. ಪಟ್ಟಿ ಪುಕ್ಕಟೆ. ಕಿರಿದಾದ ಓಣಿಯವರು ಮೊದಲೇ 2.8 ಬೇಡ ಅನ್ನಿ.

ನಾಲ್ಕು ತಿಂಗಳು ಶಾಂತಿ. ಉಗಾದಿ ಆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಮತ್ತೆ ಬಾಗಿಲಿಗೆ ಬಂದರು. ಕಟ್ಟೆ ಮೇಲಿಟ್ಟಿದ್ದ ತುಂಬಿದ ಗ್ಯಾಸ್ ಸಿಲಿಂಡರ್ ಇಲ್ಲ. "ನಿನ್ನ ಕ್ಯಾಮೆರಾದಾಗ ನೋಡಪ್ಪಾ, ಯಾರು ಒಯ್ದ್ರು."

ನೋಡಿದೆವು. ಇಬ್ಬರೂ ಕೂತು ರಾತ್ರಿ ಹತ್ತರಿಂದ ಓಡಿಸಿದೆವು. ಓಣಿ ಕಾಣುತ್ತದೆ, ನಾಯಿ ಕಾಣುತ್ತದೆ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಒಬ್ಬ ಬಂದ. ಕಪ್ಪು ಪಟ್ಟಿಯ ಒಳಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದ, ಹೆಗಲ ಮೇಲೆ ಸಿಲಿಂಡರ್. ಮುಖಕ್ಕೆ ಟವಲ್. ಓಣಿ ತುದಿಯಲ್ಲಿ ಬೈಕ್. ನಂಬರ್ ಪ್ಲೇಟ್ ಬಿಳಿ ಕಾಗದ.

ಅಜ್ಜಿ ಟಿವಿಯನ್ನೇ ನೋಡುತ್ತಾ ಕೂತರು. ನಾನು ಏನೂ ಅನ್ನಲಿಲ್ಲ. ಅನ್ನಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಬೀಟ್ ಪೊಲೀಸರು ಬಂದು ವಿಡಿಯೋ ಪೆನ್ ಡ್ರೈವಿಗೆ ಹಾಕಿಸಿಕೊಂಡು ಹೋದರು. ಕೇಸು ಕೋರ್ಟಿಗೆ ಹೋದರೆ, ಈ ವಿಡಿಯೋ ನನ್ನ ಡಿವಿಆರ್‌ನದೇ ಅಂತ ಅದರ ಜೊತೆ ಒಂದು ಸರ್ಟಿಫಿಕೇಟಿಗೆ ನಾನು ಸಹಿ ಹಾಕಬೇಕಾಗುತ್ತದೆ ಅಂತ ಗೆಳೆಯ ಹೇಳಿದ. 2024ರ ಜುಲೈ 1ರಿಂದ ಬಂದ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನಲ್ಲಿ ಅದಿದೆಯಂತೆ. ಇಲ್ಲಿಯವರೆಗೆ ಆ ಪ್ರಸಂಗ ಬಂದಿಲ್ಲ. ಸಿಲಿಂಡರೂ ಬಂದಿಲ್ಲ.

ಮರುದಿನ ಅಜ್ಜಿ ಪಟ್ಟಿ ಸರಿಸಲು ಹೇಳಿದರು. ಮತ್ತೆ ಕೂತೆವು. ಈಗ ಕಟ್ಟೆಯ ಬಲಗಡೆ, ಸಿಲಿಂಡರ್ ಇಡುವ ಜಾಗ ಕಾಣುತ್ತದೆ. ಅವರು ಕೂರುವ ಎಡಗಡೆ, ಬಾಗಿಲು, ಕಿಟಕಿ ಕಪ್ಪು. ರಂಗೋಲಿ ಅರ್ಧ ಕಾಣುತ್ತದೆ, ಅಷ್ಟಿರಲಿ ಅಂದರು.

ಇಷ್ಟಾದ ಮೇಲೆ ನನ್ನ ಲೆಕ್ಕ ಹೀಗಿದೆ. ಚಿತ್ರಕ್ಕೆ ನಾಲ್ಕು ಸ್ಟಾರ್, ರಾತ್ರಿಗೆ ಎರಡು, ಆ್ಯಪ್‌ಗೆ ಮೂರು, ಮೈಕ್ ಆನ್ ಮಾಡಿಯೇ ಕಳಿಸಿದ್ದಕ್ಕೆ ಸೊನ್ನೆ, ಕಪ್ಪು ಪಟ್ಟಿಗೆ ಐದು. ಫಿಟ್ಟಿಂಗ್ ಹುಡುಗನಿಗೆ ಎಷ್ಟು ಕೊಡಬೇಕೋ ತಿಳಿಯುತ್ತಿಲ್ಲ.

ಹೋದ ವಾರ ಬೆಂಗಳೂರಿನಿಂದ ಮತ್ತೆ ಫೋನ್. ಈ ಸಲ ಮಾಮಾ ಅಂದ. ಅಮ್ಮ ಒಬ್ಬಳೇ ಇರ್ತಾಳೆ, ಕಳ್ಳರು ಬೇರೆ, ಆ ಕ್ಯೂಆರ್ ಕೋಡ್ ಕಳಿಸಿ ಮಾಮಾ, ನಾನೂ ಆಗಾಗ ನೋಡ್ತಿರ್ತೀನಿ, ಆ ಕಪ್ಪು ಪಟ್ಟಿನೂ ತೆಗೆದುಬಿಡಿ ಅಂದ. ನಾನು ಅಜ್ಜಿಯನ್ನು ಕೇಳಿ ಹೇಳ್ತೀನಿ ಅಂದೆ. ಅವನಿಗೆ ಅದು ಹಿಡಿಸಲಿಲ್ಲ. ನಮ್ಮ ಅಮ್ಮನನ್ನು ನಾನು ನೋಡೋಕೆ ಯಾರನ್ನ ಕೇಳಬೇಕು ಅಂದ.

ಅಜ್ಜಿ ಕಟ್ಟೆಯ ಎಡಗಡೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಹೇಳಿದೆ.

"ಕೊಡಬ್ಯಾಡ" ಅಂದರು. "ನೋಡಬೇಕು ಅನಿಸಿದ್ರೆ ಬಸ್ ಹತ್ತಿ ಬರ್ಲಿ."

ಕೊಟ್ಟಿಲ್ಲ. ಹುಡುಗ ಈಗಲೂ ನನ್ನ ಮೇಲೆ ಸಿಟ್ಟಾಗಿದ್ದಾನೆ, ಕಾರಣ ಮಾತ್ರ ಬೇರೆ.